ತಂಬಿಗೆಯ ಸರದಿ

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದ ಹೊಸದರಲ್ಲಿ ಬೀದಿಯ ಹೆಂಗಸರು ನನಗೆ ಕೊಟ್ಟ ಮೊದಲ ಬುದ್ಧಿಮಾತು, ನಲ್ಲಿಯ ಹತ್ತಿರ ನಿಮ್ಮತ್ತೆಯ ತಂಟೆಗೆ ಮಾತ್ರ ಹೋಗಬೇಡ ಎಂದು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಮನೆಯೊಳಗೆ ನಮ್ಮತ್ತೆ ಹಸುವಿನಂಥವರು. ತಲೆಯ ಮೇಲೆ ಸೆರಗು ಹೊದ್ದು, ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರೆ ಮನೆಯಲ್ಲಿದ್ದಾರೋ ಇಲ್ಲವೋ ಎಂದೇ ಗೊತ್ತಾಗುತ್ತಿರಲಿಲ್ಲ. ಅದೇ ಹೆಂಗಸು ನಲ್ಲಿಯ ಮುಂದೆ ನಿಂತರೆ ಬೇರೆಯೇ. ನನ್ನ ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಅವರ ಸಾಹೇಬರಿಗೆ ಕಚೇರಿಯಲ್ಲಿ ಇಲ್ಲದ ಅಧಿಕಾರ ನಮ್ಮತ್ತೆಗೆ ಆ ನಲ್ಲಿಯ ಕಟ್ಟೆಯ ಮೇಲಿತ್ತು.

ಇಡೀ ಬೀದಿಗೆ ಒಂದೇ ನಲ್ಲಿ. ಬೆಳಿಗ್ಗೆ ಅದಕ್ಕೆ ಮನಸ್ಸು ಬಂದಷ್ಟು ಹೊತ್ತು ನೀರು, ಆಮೇಲೆ ಬರೀ ಬುಸ್ ಎನ್ನುವ ಗಾಳಿ. ಹಿಂದಿನ ಸಂಜೆಯೇ ಕೊಡಗಳು ಸಾಲಾಗಿ ನಿಂತಿರುತ್ತಿದ್ದವು, ಕೊಡದ ಒಡತಿಯರು ಮನೆಯಲ್ಲಿ ಅಡುಗೆ ಮಾಡಿಕೊಂಡಿರುತ್ತಿದ್ದರು. ಕೊಡ ನಿಂತರೆ ಮನುಷ್ಯ ನಿಂತ ಹಾಗೆ. ಸರದಿ ಬಂದಾಗ ಒಡತಿ ಇಲ್ಲದಿದ್ದರೆ ಹಿಂದಿನವಳು ಆ ಕೊಡವನ್ನು ನಲ್ಲಿಗಿಟ್ಟು ತುಂಬಿಸಿ, ತನ್ನದನ್ನು ಇಟ್ಟುಕೊಳ್ಳಬೇಕು. ಅಲ್ಲಿಗೆ ಒಡತಿಯ ಸರದಿ ಮುಗಿಯಿತು, ಆಮೇಲೆ ಬಂದು ಅತ್ತರೂ ಇಲ್ಲ, ಕರೆದರೂ ಇಲ್ಲ. ಖಾಲಿ ಕೊಡವನ್ನು ಯಾರು ಬೇಕಾದರೂ ಎತ್ತಬಹುದು, ಸರಿಸಬಹುದು. ಆದರೆ ತುಂಬಿದ ಕೊಡವನ್ನು ಅದರ ಒಡತಿಯಲ್ಲದೆ ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಮಡಿ ಕೆಡುತ್ತದೆ. ಕಾಗೆ ಬಂದು ಅಂಚಿನ ಮೇಲೆ ಕೂತರೂ ದೂರ ನಿಂತು ಕೈ ಬೀಸಿ ಓಡಿಸಬೇಕೇ ಹೊರತು ಕೊಡಕ್ಕೆ ಕೈ ತಾಗಬಾರದು. ಈ ಕಟ್ಟಳೆಗಳನ್ನೆಲ್ಲ ಮಾಡಿದವರು ನಮ್ಮತ್ತೆ.

ಅವನ್ನು ಒಪ್ಪದವರು ಬೀದಿಯಲ್ಲಿ ಒಬ್ಬರೇ ಇದ್ದರು, ಎದುರುಮನೆಯ ಅಮ್ಮ. ಅವರಿಗೂ ನಮ್ಮತ್ತೆಗೂ ಒಂದೇ ವಯಸ್ಸು. ಯಾವುದೋ ಕಾಲದಲ್ಲಿ ಯಾರದೋ ಕೊಡ ಯಾರದೋ ಕೊಡದ ಮುಂದೆ ಬಂದದ್ದಕ್ಕೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಮಾತು ಬಿಟ್ಟಿದ್ದರು ಎಂದರೆ ಸುಮ್ಮನಿದ್ದರು ಎಂದಲ್ಲ, ಕೊಡಗಳ ಜೊತೆ ಮಾತಾಡುತ್ತಿದ್ದರು. ‘ಕೆಲವರಿಗೆ ಮೈಯೆಲ್ಲ ಕೊಬ್ಬು’ ಎಂದು ಎದುರುಮನೆಯಮ್ಮ ತಮ್ಮ ತಾಮ್ರದ ಕೊಡಕ್ಕೆ ಹೇಳಿದರೆ, ‘ಕೆಲವರಿಗೆ ನಾಚಿಕೆ ಅನ್ನೋದೇ ಇಲ್ಲ’ ಎಂದು ನಮ್ಮತ್ತೆ ನಮ್ಮ ಹಿತ್ತಾಳೆ ಕೊಡಕ್ಕೆ ಉತ್ತರ ಹೇಳುತ್ತಿದ್ದರು. ನಾನು ಬಂದ ಮೇಲೆ ಕೊಡದ ಬದಲು ನನಗೆ ಹೇಳತೊಡಗಿದರು. ನನಗೆ ರೇಗಿಹೋಗುತ್ತಿತ್ತು. ಇಬ್ಬರು ಮುದುಕಿಯರ ಮಧ್ಯೆ ಕೊಡವಾಗಿ ನಿಲ್ಲುವುದಕ್ಕೆ ನಮ್ಮಪ್ಪ ನನ್ನನ್ನು ಹೈಸ್ಕೂಲು ಓದಿಸಿದ್ದರೇ?

ಆ ವರ್ಷ ರಾಗಿ ಕಣ ಮುಗಿದ ಮೇಲೆ ಸಂತೆ ಮೈದಾನಕ್ಕೆ ರಂಕಲರಾಟೆ ಬಂತು. ಆಂಧ್ರದ ಗಡಿಯಾಚೆಯಿಂದ ಒಬ್ಬ ಮನುಷ್ಯ ಎತ್ತಿನ ಗಾಡಿಗಳಲ್ಲಿ ಮರದ ತೊಲೆ, ಹಗ್ಗ, ತೊಟ್ಟಿಲು ಹೇರಿಕೊಂಡು ಬಂದು ನಿಲ್ಲಿಸಿದ್ದ. ಮೇಲೇರಿ ಕೆಳಗಿಳಿಯುವ ನಾಲ್ಕು ತೊಟ್ಟಿಲು, ಒಂದೊಂದರಲ್ಲಿ ಇಬ್ಬರು ಕೂರುವ ಹಲಗೆ. ಮೋಟಾರು ಗೀಟಾರು ಏನಿಲ್ಲ, ಅವನೂ ಅವನ ತಮ್ಮನೂ ಕೈಯಲ್ಲೇ ತಳ್ಳಿ ತಿರುಗಿಸಬೇಕು. ಕೆಲವು ದಿನ ಇಲ್ಲಿದ್ದು ಆಮೇಲೆ ಚಿಂತಾಮಣಿಗೆ ಹೋಗುವುದು ಎಂದು ಹೇಳಿದ್ದ.

ಮೊದಲ ಸಂಜೆ ನಾನೂ ನನ್ನ ಗಂಡನೂ ಹೋದೆವು. ರಾಟೆಯನ್ನು ನೋಡುವುದಕ್ಕೆ ಆಗಲಿಲ್ಲ, ರಾಟೆಯ ಸುತ್ತ ಇದ್ದ ಬೆನ್ನುಗಳನ್ನು ನೋಡಿದೆವು. ತೊಟ್ಟಿಲು ಕೆಳಗಿಳಿಯುವುದೇ ತಡ, ತೋಳು ಗಟ್ಟಿ ಇದ್ದವರೆಲ್ಲ ಒಬ್ಬರ ಮೇಲೊಬ್ಬರು ಬೀಳುವರು. ಇಳಿಯಬೇಕಾದವರನ್ನು ಇಳಿಯಲು ಬಿಡದೆ ಹತ್ತುವವರು ಹತ್ತಿ, ಇಳಿಯದೆ ಉಳಿದವರೂ ಸೇರಿ ಇನ್ನೊಂದು ಸುತ್ತು ಹೋಗುವರು. ಒಬ್ಬಾತ ತನ್ನ ಭಾವಮೈದುನನ ಹೆಗಲ ಮೇಲೆ ನಿಂತು ಮೇಲಿನಿಂದಲೇ ತೊಟ್ಟಿಲು ಹಿಡಿದ. ಅವನು ಮೇಲೆ ಹೋದ, ಭಾವಮೈದುನ ಕೆಳಗೇ ಉಳಿದು ಬಾಯಿಗೆ ಬಂದ ಹಾಗೆ ಬೈದ. ಹೆಂಗಸರು, ಮಕ್ಕಳು ಯಾರೂ ಹತ್ತಲಿಲ್ಲ. ರಾಟೆಯವನು ತೆಲುಗಿನಲ್ಲಿ ದೇವರನ್ನೆಲ್ಲ ಕರೆಯುತ್ತಿದ್ದ. ನನ್ನ ಗಂಡ ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದರು.

ಮಾರನೆಯ ದಿನ ಮಧ್ಯಾಹ್ನ ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ನಮ್ಮತ್ತೆ ಬತ್ತಿ ಹೊಸೆಯುತ್ತಾ, ಏನೂ ಅಲ್ಲ ಎನ್ನುವ ಹಾಗೆ, ಅದು ಎಷ್ಟು ಎತ್ತರಕ್ಕೆ ಹೋಗುತ್ತದೆ ಎಂದು ಕೇಳಿದರು. ಹೆಂಚಿನ ಮನೆಗಳಿಗಿಂತ ಮೇಲೆ ಹೋಗುತ್ತದೆ, ಕೆರೆ ಕಾಣಬಹುದು, ನಂದಿಬೆಟ್ಟವೂ ಕಾಣಬಹುದು ಎಂದೆ. ಒಂದಷ್ಟು ಹೊತ್ತು ಬತ್ತಿಯ ಮೇಲೆ ಬತ್ತಿ ಬಿತ್ತು. ಆಮೇಲೆ ತಮ್ಮ ಕಥೆ ಹೇಳಿದರು. ಹೊಸ ಮದುವಣಗಿತ್ತಿಯಾಗಿದ್ದಾಗ ಚಿಂತಾಮಣಿಯಲ್ಲಿ ಇಂಥದೇ ರಾಟೆ ಬಂದಿತ್ತಂತೆ. ಅವರ ಮಾವ ದೊಡ್ಡ ಮನಸ್ಸು ಮಾಡಿ ಕರೆದುಕೊಂಡು ಹೋಗಿದ್ದರಂತೆ. ನೂಕುನುಗ್ಗಲಲ್ಲಿ ನಿಂತು ನಿಂತು, ಇನ್ನೇನು ತೊಟ್ಟಿಲಿಗೆ ಕಾಲಿಡಬೇಕು, ದೀಪ ಹಚ್ಚುವ ಹೊತ್ತಾಯಿತು ಎಂದು ಅವರತ್ತೆ ಕೈಹಿಡಿದು ಎಳೆದುಕೊಂಡು ಬಂದರಂತೆ. ಬರುವ ವರ್ಷ ಹತ್ತಬಹುದು ಎಂದರಂತೆ. ಬರುವ ವರ್ಷದ ಹೊತ್ತಿಗೆ ರಾಟೆ ಬಂದಿತ್ತು, ಅವರ ಗಂಡ ಇರಲಿಲ್ಲ. ನನ್ನ ಗಂಡ ಆಗ ಕೈಗೂಸು.

“ಹತ್ತಿದ್ದಿದ್ರೆ ಅವತ್ತಿಗೇ ಮುಗಿದುಹೋಗ್ತಿತ್ತು ಕಣಮ್ಮ,” ಎಂದರು. “ಹತ್ಲಿಲ್ಲ ನೋಡು, ಅದಕ್ಕೇ ಇನ್ನೂ ತಲೇಲಿ ತಿರುಗ್ತಾನೇ ಇದೆ.”

ನಾನು ಅಕ್ಕಿಯ ಮೊರ ಪಕ್ಕಕ್ಕಿಟ್ಟೆ. ಈಗ ಹತ್ತಿ, ನಾನು ಜೊತೆಗೆ ಬರುತ್ತೇನೆ ಎಂದೆ. ಅವರು ನನ್ನನ್ನು ನುಂಗುವ ಹಾಗೆ ನೋಡಿದರು. ಗಂಡ ಸತ್ತವಳು, ಸೊಸೆ ಬಂದವಳು, ರಾಟೆ ಹತ್ತಿ ಕುಣಿದಳು ಎಂದು ನಲ್ಲಿಯ ಹತ್ತಿರ ಆಡಿಕೊಳ್ಳುವುದಕ್ಕೆ ಎದುರುಮನೆಯವಳಿಗೆ ಅಷ್ಟು ಸಾಕು, ಇನ್ನು ಈ ಜನ್ಮದಲ್ಲಿ ಆ ಕಟ್ಟೆಯ ಮೇಲೆ ತಲೆಯೆತ್ತಿ ನಿಲ್ಲುವ ಹಾಗಿರುವುದಿಲ್ಲ ಎಂದರು. ಅಲ್ಲಿಗೆ ಮಾತು ಮುಗಿಯಿತು. ಆದರೆ ಸಂಜೆ ನಾನು ಹೊರಟಾಗ, ನಿನ್ನನ್ನು ಯಾರಾದರೂ ತುಳಿದುಬಿಟ್ಟಾರು ಎಂದು ಅವರೂ ಹೊರಟರು. ಕೈಯಲ್ಲಿ ಕುಡಿಯುವ ನೀರಿನ ತಂಬಿಗೆ. ಬೀದಿಯಲ್ಲೆಲ್ಲ ಹೆಸರಾದ ತಂಬಿಗೆ ಅದು. ಯಾವಾಗಲೋ ಬಾವಿಗೆ ಬಿದ್ದು ಬಾಯಿ ಒಂದು ಕಡೆ ನೆಗ್ಗಿಹೋಗಿತ್ತು, ಯಾವ ಮುಚ್ಚಳವೂ ಅದರ ಮೇಲೆ ಕೂರುತ್ತಿರಲಿಲ್ಲ. ಬಾಳೆಲೆ ಚೂರು ಮುಚ್ಚಿಕೊಂಡು ಓಡಾಡುತ್ತಿದ್ದರು.

ಮೈದಾನದ ಗಲಾಟೆಯನ್ನು ನಮ್ಮತ್ತೆ ಒಂದು ಗಳಿಗೆ ನೋಡಿದರು. ಅವರ ಮುಖದಲ್ಲಿ ನಲ್ಲಿಯ ಕಳೆ ಬಂತು. ಸೀದಾ ಒಳನುಗ್ಗಿ ರಾಟೆಯ ಮುಂದೆ ತಂಬಿಗೆಯನ್ನು ನೆಲಕ್ಕೆ ಕುಕ್ಕಿದರು. “ಸಾಲು ಇಲ್ಲಿಂದ. ಎಲ್ರೂ ಒಂದೊಂದು ಸಾಮಾನಿಟ್ಟು ದೂರ ನಿಂತ್ಕೊಳ್ಳಿ.” ಭಾವಮೈದುನನ ಹೆಗಲು ತುಳಿದಿದ್ದ ಗಂಡಸು ಇವರು ಯಾರು ಹೇಳುವುದಕ್ಕೆ ಎಂದು ಏನೋ ಅನ್ನಹೋದ. ಅವನ ಹೆಂಡತಿ ನಮ್ಮ ನಲ್ಲಿಯವಳು, ಅವನ ಹೆಗಲ ಟವಲನ್ನು ತಾನೇ ಎಳೆದು ತಂಬಿಗೆಯ ಹಿಂದೆ ಇಟ್ಟಳು. ಆಮೇಲೆ ಚಪ್ಪಲಿ ಬಂತು, ಕುಂಬಳಕಾಯಿ ಬಂತು, ಸೀಮೆಎಣ್ಣೆ ಡಬ್ಬ ಬಂತು. ಜಂಗಮಕೋಟೆಯಿಂದ ಬಂದಿದ್ದ ರೇಷ್ಮೆಯವರೊಬ್ಬರು ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನೇ ಇಟ್ಟರು. ಸಂತೆಗೆ ತಂದ ಹೊಸದು, ಎತ್ತಿನ ಗಾಡಿಯಷ್ಟು ಜಾಗ ಹಿಡಿಯಿತು. ಕೊನೆಯಲ್ಲಿ ಒಬ್ಬಾಕೆ ಕಾಲು ಕಟ್ಟಿದ ಕೋಳಿ ಇಟ್ಟಳು.

ಹೀಗೆ ಶಿಡ್ಲಘಟ್ಟದ ಜನ ರಾಟೆಗೆ ಸಾಲು ನಿಂತರು. ನಿಂತರು ಎಂದರೆ ಸಾಮಾನು ನಿಂತಿತು, ಜನ ಸಂತೆ ಮಾಡಿದರು. ರಾಟೆಯವನಿಗೆ ಇಂಥ ಸುಖ ಹಿಂದೆಂದೂ ಸಿಕ್ಕಿರಲಿಲ್ಲ. ನಮ್ಮತ್ತೆಯನ್ನು ‘ಅಮ್ಮಗಾರು’ ಎಂದು ಕರೆದು, ಕೂರಲು ತನ್ನ ಪೆಟ್ಟಿಗೆ ಕೊಟ್ಟ. ಸಾಲಿನ ಮೊದಲಿಗರು ಕೈಯೆತ್ತಿದರೆ ಮಾತ್ರ ರಾಟೆ ತಿರುಗಬೇಕು ಎಂದು ಅವನಿಗೂ ಒಂದು ಕಟ್ಟಳೆ ಆಯಿತು.

ಇನ್ನು ಎಷ್ಟು ಹೊತ್ತು ಕಾಯಬೇಕು ಎಂದು ಹೇಳುವ ಕೆಲಸವನ್ನೂ ನಮ್ಮತ್ತೆಯೇ ವಹಿಸಿಕೊಂಡರು. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ, ನೋಡುವ ಅಗತ್ಯವೂ ಬಿದ್ದಿರಲಿಲ್ಲ. ಸಾಲನ್ನು ಒಮ್ಮೆ ಕಣ್ಣಲ್ಲೇ ಅಳೆದು, “ನಿನಗೆ ಅನ್ನ ಬಸಿಯೋಷ್ಟು ಹೊತ್ತು,” “ನಿನಗೆ ಬೇಳೆ ಬೇಯೋಷ್ಟು ಹೊತ್ತು” ಎನ್ನುವರು. ಬಾಲದಲ್ಲಿರುವವರಿಗೆ, ಹೋಗಿ ಹುರುಳಿ ಬೇಯಿಸಿ ಬಸ್ಸಾರು ಮಾಡಿ, ಉಂಡು ಬಾ ಎನ್ನುವರು. ಜನ ನಿಜವಾಗಿಯೂ ಮನೆಗೆ ಹೋಗಿ ಒಲೆ ಹಚ್ಚಿ ಬಂದರು. ಅಲ್ಲೇ ಎಡವಟ್ಟಾದದ್ದು. ನಮ್ಮ ಬೀದಿಯವರದು ನಲ್ಲಿ ನೀರು, ಬೇಳೆ ಬೇಗ ಕರಗುತ್ತದೆ. ಕೆರೆಯ ಆಚೆ ಕಡೆಯವರದು ಉಪ್ಪುನೀರಿನ ಬಾವಿ, ಆ ನೀರಲ್ಲಿ ಬೇಳೆ ಎಷ್ಟು ಕುದಿಸಿದರೂ ಕಲ್ಲು. ಅವರು ಬೇಳೆ ಬೆಂದ ಮೇಲೆ ಬರುವ ಹೊತ್ತಿಗೆ ಅವರ ಸರದಿ ಮುಗಿದು, ರಾಟೆ ಎಷ್ಟೋ ಸುತ್ತು ಮುಂದೆ ಹೋಗಿರುತ್ತಿತ್ತು.

ಸರದಿ ಮುಗಿದಿರುತ್ತಿತ್ತು ಎಂದೆನಲ್ಲ, ಅದು ಹೇಗೆಂದು ಹೇಳಬೇಕು. ನಲ್ಲಿಯ ಹತ್ತಿರ ಒಡತಿ ಇಲ್ಲದಿದ್ದರೆ ಕೊಡ ತುಂಬಿಸುವುದು ಹಿಂದಿನವರ ಧರ್ಮ. ನಮ್ಮ ಜನ ಧರ್ಮ ತಪ್ಪುವವರಲ್ಲ. ಟವಲಿನ ಸರದಿ ಬಂತು, ಟವಲಿನ ಯಜಮಾನ ಇಲ್ಲ. ಹಿಂದಿನಾಕೆ ಟವಲನ್ನು ಮಡಚಿ ತೊಟ್ಟಿಲಿನಲ್ಲಿಟ್ಟು ಕೈಯೆತ್ತಿದಳು. ರಾಟೆಯವನು ಕಣ್ಣುಕಣ್ಣು ಬಿಟ್ಟ. “ಇದಕ್ಕೂ ತಿರುಗಿಸ್ಲಾ ಅಮ್ಮಗಾರು?” ಎಂದ. ಅದರದ್ದೇ ಸರದಿ, ತಿರುಗಿಸು ಎಂದರು ನಮ್ಮತ್ತೆ. ಟವಲು ತನ್ನ ಪೂರಾ ಸುತ್ತು ತಿರುಗಿ ಕೆಳಗಿಳಿಯಿತು. ಯಜಮಾನ ಬಂದಾಗ, ನಿಂದು ಆಯ್ತಪ್ಪ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಆತ ಆ ಟವಲನ್ನು ಆಚೆ ಈಚೆ ತಿರುಗಿಸಿ ನೋಡಿದ, ಏನಾದರೂ ಬದಲಾಗಿದೆಯೋ ಎನ್ನುವ ಹಾಗೆ. ಆಮೇಲೆ ಕುಂಬಳಕಾಯಿ ತಿರುಗಿತು. ಚಂದ್ರಿಕೆ ತೊಟ್ಟಿಲಿನಲ್ಲಿ ಹಿಡಿಸದೆ ಹೊರಗೆ ಚಾಚಿಕೊಂಡು, ಪಕ್ಕದ ತೊಟ್ಟಿಲಿನವರ ಪೇಟ ಕೆಡವಿಕೊಂಡು ತಿರುಗಿತು. ಇಂಥದ್ದನ್ನು ನೋಡಿ ನಗದೆ ಇದ್ದವರು ನಮ್ಮತ್ತೆ ಒಬ್ಬರೇ. ನಾನು ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಆದರೆ ಒಂದನ್ನು ನಾನು ಗಮನಿಸುತ್ತಿದ್ದೆ. ದಿನವೂ ಬಂದ ಕೂಡಲೇ ನಮ್ಮತ್ತೆ ತಮ್ಮ ತಂಬಿಗೆಯನ್ನೂ ಸಾಲಿನಲ್ಲಿ ಇಡುತ್ತಿದ್ದರು. ಅದು ಮುಂದೆ ಮುಂದೆ ಸರಿದ ಹಾಗೆ ಅವರ ಗಂಟಲಿನ ದನಿ ಏರುತ್ತಿತ್ತು, ಸುಮ್ಮಸುಮ್ಮನೆ ಯಾರನ್ನಾದರೂ ಗದರಿಸುತ್ತಿದ್ದರು. ಇನ್ನೇನು ಸರದಿ ಬಂತು ಎನ್ನುವಾಗ, ಬಾಯಾರಿಕೆ ಎಂದೋ, ಕೆಲಸ ಇದೆ ಎಂದೋ, ತಂಬಿಗೆಯನ್ನು ಎತ್ತಿ ಮತ್ತೆ ಬಾಲಕ್ಕೆ ತಂದಿಡುತ್ತಿದ್ದರು. ಹತ್ತುವ ಆಸೆ ತಂಬಿಗೆಯನ್ನು ಮುಂದಕ್ಕೆ ತಳ್ಳುತ್ತಿತ್ತು, ಜನರ ಬಾಯಿ ಹಿಂದಕ್ಕೆ ಎಳೆಯುತ್ತಿತ್ತು. ನನಗೆ ಅಯ್ಯೋ ಅನಿಸುವುದರ ಜೊತೆಗೆ ಸಿಟ್ಟೂ ಬರುತ್ತಿತ್ತು. ಇಡೀ ಊರನ್ನು ಹತ್ತಿಸಿದ ಹೆಂಗಸಿಗೆ ತಾನು ಹತ್ತುವುದಕ್ಕೆ ಧೈರ್ಯವಿಲ್ಲವಲ್ಲ ಎಂದು. ಎದುರುಮನೆಯಮ್ಮನೂ ದಿನವೂ ಬಂದು ಒಂದು ಸೌಟು ಇಟ್ಟು ಹೋಗುತ್ತಿದ್ದರು. ಅವರೂ ಆ ತಂಬಿಗೆಯನ್ನು ನೋಡುತ್ತಿದ್ದರು. ನೋಡಿ, ಸೌಟಿಗೆ ಏನೋ ಹೇಳಿಕೊಳ್ಳುತ್ತಿದ್ದರು.

ರಾಟೆಯವನು ಮಾರನೆಯ ಬೆಳಿಗ್ಗೆ ಚಿಂತಾಮಣಿಗೆ ಹೊರಡುವನಿದ್ದ. ಕೊನೆಯ ಸಂಜೆ ಸಾಲು ಮೈದಾನದಿಂದ ಹೊರಗೆ ಬಂದು ಸೊಪ್ಪಿನವರ ಅಂಗಡಿಯ ತನಕ ಹೋಗಿತ್ತು. ಆವತ್ತು ತಂಬಿಗೆಯ ಹಿಂದೆಯೇ ಎದುರುಮನೆಯಮ್ಮನ ಸೌಟು. ತಂಬಿಗೆ ಮುಂದೆ ಮುಂದೆ ಬಂತು, ನಮ್ಮತ್ತೆಯ ದನಿ ಏರಿತು. ಇನ್ನೇನು ಅದನ್ನು ಎತ್ತಿಕೊಂಡು ಬಾಲಕ್ಕೆ ಹೊರಡಬೇಕು, ಅಷ್ಟರಲ್ಲಿ ಬಾಲದಲ್ಲೇ ಜಗಳ ಎದ್ದಿತು.

ಜಗಳ ಮೊಟ್ಟೆಯದು. ಆ ಕಾಲು ಕಟ್ಟಿದ ಕೋಳಿ ಸಾಲಿನಲ್ಲಿ ಕಾಯುತ್ತಾ ಕಾಯುತ್ತಾ, ಕಡೆಗೆ ತನ್ನ ಸರದಿಯಲ್ಲಿ ಒಂಟಿಯಾಗಿ ಒಂದು ಸುತ್ತು ತಿರುಗಿ, ತೊಟ್ಟಿಲಿನಲ್ಲೇ ಒಂದು ಮೊಟ್ಟೆ ಇಟ್ಟಿತ್ತು. ಅದರ ಒಡತಿ ಕೋಳಿಯನ್ನೂ ಮೊಟ್ಟೆಯನ್ನೂ ಎತ್ತಿಕೊಂಡು ಮತ್ತೆ ಸಾಲಿನ ಕೊನೆಗೆ ಬಂದಿದ್ದಳು. ರಾಟೆಯವನ ತಮ್ಮ ಹಿಂದೆಯೇ ಬಂದು, ನಮ್ಮ ತೊಟ್ಟಿಲಿನಲ್ಲಿ ಇಟ್ಟ ಮೊಟ್ಟೆ ನಮ್ಮದು ಎನ್ನುತ್ತಿದ್ದ. ಕೋಳಿ ಮೇಲಿದ್ದಾಗ ಇಟ್ಟಿತೋ ಕೆಳಗಿದ್ದಾಗ ಇಟ್ಟಿತೋ ಎಂದು ಸಾಲಿನಲ್ಲಿದ್ದವರೆಲ್ಲ ಎರಡು ಪಂಗಡವಾಗಿದ್ದರು. ನ್ಯಾಯ ಹೇಳಲು ನಮ್ಮತ್ತೆಯನ್ನು ಕೂಗಿದರು. ನ್ಯಾಯ ಎಂದರೆ ನಮ್ಮತ್ತೆ ನಿಲ್ಲುವವರಲ್ಲ, ತಂಬಿಗೆಯನ್ನು ಬಿಟ್ಟು ಓಡಿದರು.

ಇತ್ತ ತೊಟ್ಟಿಲು ಕೆಳಗಿಳಿಯಿತು. ತಂಬಿಗೆಯ ಸರದಿ. ತಂಬಿಗೆಯ ಒಡತಿ ಇಲ್ಲ. ನಾನು ಅವರನ್ನು ಕೂಗೋಣ ಎಂದು ಬಾಯಿ ತೆರೆದೆ. ಎದುರುಮನೆಯಮ್ಮ ನನ್ನ ಮೊಣಕೈ ಹಿಡಿದರು. ಇನ್ನೊಂದು ಕೈಯಲ್ಲಿ ತಂಬಿಗೆಯನ್ನು ಎತ್ತಿ, ತಳದಲ್ಲಿ ಉಳಿದಿದ್ದ ಗುಟುಕು ನೀರನ್ನು ನೆಲಕ್ಕೆ ಚೆಲ್ಲಿ, ತೊಟ್ಟಿಲಿನ ಹಲಗೆಯ ಮೇಲೆ ಕೂರಿಸಿ ಕೈಯೆತ್ತಿದರು. ತಂಬಿಗೆ ಮೇಲೆ ಹೋಯಿತು. ಮೇಲೆಲ್ಲೋ ಡಣ್ ಎಂದು ಉರುಳಿದ ಸದ್ದು ಕೇಳಿತು.

ಮೊಟ್ಟೆಯನ್ನು ಕೋಳಿಯ ಒಡತಿಗೆ ಕೊಡಿಸಿ ನಮ್ಮತ್ತೆ ವಾಪಸು ಬಂದಾಗ ತೊಟ್ಟಿಲು ಕೆಳಗೆ ನಿಂತಿತ್ತು. ತಂಬಿಗೆ ಉರುಳಿಕೊಂಡು ಹೋಗಿ ಹಲಗೆಯ ಅಡಿಯ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ನಡೆದದ್ದು ಏನೆಂದು ಅವರಿಗೆ ಹೇಳುವುದೇ ಬೇಕಾಗಲಿಲ್ಲ. ಅವರ ಮುಖ ಸಣ್ಣದಾಯಿತು. ಇಷ್ಟು ದಿನ ಹಿಂದಕ್ಕೆ ಹಿಂದಕ್ಕೆ ಇಟ್ಟುಕೊಂಡು ಬಂದದ್ದು, ತಾವಿಲ್ಲದಾಗ ಮುಗಿದೇ ಹೋಗಿತ್ತು. ಇಳಿದನಿಯಲ್ಲಿ ನನಗೆ, ಅದನ್ನು ತೆಗೆದುಕೊಡು, ಮನೆಗೆ ಹೋಗೋಣ ಎಂದರು.

ನಾನು ಬಗ್ಗಿದೆ. ಎದುರುಮನೆಯಮ್ಮ ಅಡ್ಡ ಬಂದರು. ಸೌಟಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಅಷ್ಟು ವರ್ಷಗಳ ಮೇಲೆ ನೇರ ನಮ್ಮತ್ತೆಯ ಮುಖ ನೋಡಿ ಹೇಳಿದರು. “ತಿರುಗಿ ಬಂದಿದ್ದು ತುಂಬಿದ ಕೊಡ ಇದ್ದಂಗೆ. ಒಡತಿ ಬಿಟ್ಟು ಬೇರೆಯೋರು ಮುಟ್ಟಂಗಿಲ್ಲ. ನೀವೇ ಮಾಡಿರೋ ಕಟ್ಲೆ. ಹತ್ತಿ ಎತ್ಕೊಳ್ಳಿ.”

ನಮ್ಮತ್ತೆ ಅವರನ್ನು ನೋಡಿದರು. ಸಾಲಿನತ್ತ ನೋಡಿದರು. ಸಾಲಿನಲ್ಲಿದ್ದ ನಲ್ಲಿಯ ಹೆಂಗಸರೆಲ್ಲ, ಹೌದು ಹೌದು, ಮುಟ್ಟುವ ಹಾಗಿಲ್ಲ ಎಂದು ಗಂಭೀರವಾಗಿ ತಲೆಯಾಡಿಸಿದರು. ಬೇರೆ ದಾರಿ ಇರಲಿಲ್ಲ. ಸೀರೆ ಸ್ವಲ್ಪ ಎತ್ತಿಕೊಂಡು, ತೊಟ್ಟಿಲಿಗೆ ಕಾಲಿಟ್ಟು, ಹಲಗೆಯ ಅಡಿಗೆ ಬಗ್ಗಿ ಕೈ ಹಾಕಿದರು. ಬಗ್ಗಿದ್ದವರು ಇನ್ನೂ ಏಳುವ ಮುಂಚೆಯೇ, ಸಾಲಿನ ಮೊದಲಿಗರಾದ ಎದುರುಮನೆಯಮ್ಮ ಕೈಯೆತ್ತಿದರು. ರಾಟೆಯವನು ಕಟ್ಟಳೆ ಮೀರುವವನಲ್ಲ, ತಿರುಗಿಸಿದ.

ಮೊದಲು ಬೈಗುಳ ಮೇಲೆ ಹೋಯಿತು. ತಂಬಿಗೆಯನ್ನು ಎದೆಗವಚಿಕೊಂಡು, ಹಲಗೆಯ ಮೇಲೆ ದಪ್ಪನೆ ಕೂತು, ಎದುರುಮನೆಯಮ್ಮನ ತವರುಮನೆಯವರನ್ನೆಲ್ಲ ನೆನೆಯುತ್ತಾ ಮೇಲೇರಿದರು. ತುದಿ ಮುಟ್ಟಿದಾಗ, ಸಾಲು ಇಡಿಯಾಗಿ ಕಂಡಿತೇನೋ, ಆ ಕೆಂಪು ಟವಲಿನವನು ಮುಂದಕ್ಕೆ ತಳ್ಳಿಕೊಂಡು ಬಂದಿದ್ದಾನೆ, ಹಿಂದಕ್ಕೆ ಹಾಕಿ ಎಂದು ಅಲ್ಲಿಂದಲೇ ಕೂಗಿದರು. ನಾವು ಅವನನ್ನು ಹಿಂದಕ್ಕೆ ಹಾಕಿದೆವು. ಎರಡನೆಯ ಸಲ ಮೇಲೆ ಹೋದಾಗ ಕೂಗಲಿಲ್ಲ. ಮೂರನೆಯ ಸಲ ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು, ಅದನ್ನು ಎಳೆದುಕೊಳ್ಳುವುದನ್ನು ಮರೆತು ಕೆರೆಯ ಕಡೆಗೆ ನೋಡುತ್ತಿದ್ದರು. ಅವರ ಕೂದಲನ್ನು ಹೊರಗೆ, ಬೆಳಕಿನಲ್ಲಿ, ನಾನು ನೋಡಿದ್ದು ಆವತ್ತೇ ಮೊದಲು.

ರಾಟೆ ನಿಂತಿತು. ಇಳಿದರು. ಸೆರಗು ಸರಿಮಾಡಿಕೊಂಡು, ಯಾರೂ ಕೇಳದಿದ್ದರೂ, “ತಂಬಿಗೆ ತರೋಕೆ ಹೋಗಿದ್ದು,” ಎಂದು ಎಲ್ಲರಿಗೂ ಹೇಳಿದರು. ಎಲ್ಲರೂ, ಹೌದಲ್ಲ, ಮತ್ತೆ ತಂಬಿಗೆ ಬಿಟ್ಟು ಬರುವುದಕ್ಕಾಗುತ್ತದೆಯೇ ಎಂದರು. ಎದುರುಮನೆಯಮ್ಮ ತಮ್ಮ ಸೌಟು ಹಿಡಿದುಕೊಂಡು ತೊಟ್ಟಿಲು ಹತ್ತಿ ಕೂತರು. ನಮ್ಮತ್ತೆ ತಂಬಿಗೆ ಹಿಡಿದು ಮನೆಯ ಕಡೆ ಹೆಜ್ಜೆ ಹಾಕಿದರು, ನಾನು ಹಿಂದೆ. ಸ್ವಲ್ಪ ದೂರ ಹೋಗಿರಬೇಕು, ನಿಂತರು. ತಂಬಿಗೆಯನ್ನು ನೋಡಿದರು, ರಾಟೆಯನ್ನು ನೋಡಿದರು.

“ಮುಚ್ಚಳ ಅಲ್ಲೇ ಬಿಟ್ಟೆ ಕಣೇ,” ಎಂದರು.

ತಿರುಗಿ ಸರಸರನೆ ನಡೆದು, ಯಾರ ಸರದಿಯನ್ನೂ ಕೇಳದೆ, ಎದುರುಮನೆಯಮ್ಮನ ಪಕ್ಕದಲ್ಲಿ ಹತ್ತಿ ಕೂತರು. ಎದುರುಮನೆಯಮ್ಮ ಸರಿದು ಜಾಗ ಕೊಟ್ಟರು. ರಾಟೆಯವನು ಪಾಪ ಒಳ್ಳೆಯ ಮನುಷ್ಯ, ಹಲಗೆಯ ಅಡಿಯಲ್ಲಿ ಮುಚ್ಚಳ ಹುಡುಕಲು ಬಗ್ಗಿದ. ಆಮೇಲೆ ಹುಡುಕಬಹುದು, ಮೊದಲು ತಿರುಗಿಸಪ್ಪ ಎಂದೆ ನಾನು. ಒಂದು ಕೊಡ ಒಂದು ಗೇಣು ಮುಂದೆ ಬಂದರೆ ಬೀದಿಯೆಲ್ಲ ಒಂದಾಗುವ ಹಾಗೆ ಕಿರುಚುತ್ತಿದ್ದ ನಲ್ಲಿಯ ಹೆಂಗಸರು ಸಾಲಿನುದ್ದಕ್ಕೂ ನಿಂತಿದ್ದರು. ಆ ನೆಗ್ಗಿದ ತಂಬಿಗೆಗೆ ಮುಚ್ಚಳವೇ ಇಲ್ಲವೆಂದು ಅವರಲ್ಲಿ ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಯಾರೂ ಬಾಯಿ ಬಿಡಲಿಲ್ಲ.